ಅಪ್‌ಡೇಟ್: ನೀರಿನ ಮೇಲೆ ಹಿಡಿದ ಹೈಡ್ರೋಜನ್ ಲೆಕ್ಕ ಸರಿಯಾಯ್ತು

ಆಮ್ಲಕ್ಕೆ ಹಾಕಿದ 0.047 ಗ್ರಾಂ ಮೆಗ್ನೀಸಿಯಂನಿಂದ 0.00193 ಮೋಲ್ (ಅನಿಲದ ಕಣಗಳನ್ನು ಎಣಿಸುವ ಅಳತೆ) ಹೈಡ್ರೋಜನ್ ಬರಬೇಕು, ನೀರಲ್ಲಿ ಬೋರಲಾಗಿಟ್ಟ ಕೊಳವೆಯಲ್ಲಿ ಹಿಡಿದು ಲೆಕ್ಕ ಹಾಕಿದರೆ ನನಗೆ ಮಾತ್ರ 0.00200 ಬರ್ತಿದೆ ಅಂತ ಮೊನ್ನೆ ಕೇಳಿದ್ದೆನಲ್ಲ, ತಪ್ಪು ಸಿಕ್ಕಿತು! ನೀವು ಹೇಳಿದ ಹಾಗೆ, ಕೊಳವೆಯಲ್ಲಿ ಹೈಡ್ರೋಜನ್ ಜೊತೆ ನೀರಾವಿಯೂ ಇರುತ್ತೆ, ಅದರ ಒತ್ತಡವನ್ನು ಒಟ್ಟು ಒತ್ತಡದಿಂದ ನಾನು ಕಳೆದೇ ಇರಲಿಲ್ಲ.

ನಿನ್ನೆ ಮತ್ತೆ ಮಾಡಿದೆ. ಕೊಳವೆಯ ಗೋಡೆಗೆ ಅಂಟಿದ್ದ ಸಣ್ಣ ಗುಳ್ಳೆಗಳನ್ನು ಬೆರಳಲ್ಲಿ ತಟ್ಟಿ ಬಿಡಿಸಿ, ಕೊಳವೆಯನ್ನು ಮೆಲ್ಲಗೆ ಎತ್ತಿ ಇಳಿಸಿ ಒಳಗಿನ ನೀರು ಹೊರಗಿನ ನೀರು ಒಂದೇ ಮಟ್ಟಕ್ಕೆ ಬಂದ ಮೇಲೆ (ಆಗ ಒಳಗಿನ ಒಟ್ಟು ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮ) ಓದಿದೆ. ಅನಿಲ 50 ಮಿಲಿ. ಗಾಳಿಯ ಒತ್ತಡ 758 ಮಿ.ಮೀ. ಪಾದರಸ. ನಮ್ಮ ಕಾಸರಗೋಡಿನ ಸೆಕೆಗೆ ನೀರೇ 30 ಡಿಗ್ರಿ ಇತ್ತು, ಆಗ ಒತ್ತಡದಲ್ಲಿ ಆವಿಯ ಪಾಲು 31.8 ಮಿ.ಮೀ. ಸುಮ್ನೆ 25 ಡಿಗ್ರಿಯ 23.8 ಹಾಕಿದ್ದರೆ ಮತ್ತೆ ತಪ್ಪುತ್ತಿತ್ತು, ಅಲ್ವಾ? ಕಳೆದರೆ 726.2 ಉಳಿಯಿತು, ಉತ್ತರ 0.00192 ಮೋಲ್. ತುಂಬಾ ಖುಷಿಯಾಯ್ತು, ಥ್ಯಾಂಕ್ಸ್!