ನವಜಾತ ಶಿಶುಗಳ ಸಾವು ತಡೆಯಲು ಹಣವನ್ನು ಮೊದಲು ಎಲ್ಲಿ ಹಾಕಬೇಕು?

ಪ್ರಶ್ನೆ

1990ರಿಂದ ಈಚೆಗೆ ಐದು ವರ್ಷದೊಳಗಿನ ಮಕ್ಕಳ ಮರಣದರ ಜಗತ್ತಿನಾದ್ಯಂತ ಅರ್ಧಕ್ಕಿಂತಲೂ ಕೆಳಗಿಳಿದಿದೆ. ಆದರೆ ಹುಟ್ಟಿದ ಮೊದಲ 28 ದಿನಗಳ ಸಾವು ಅಷ್ಟು ವೇಗವಾಗಿ ಇಳಿದಿಲ್ಲ. 2022ರಲ್ಲಿ ತೀರಿಕೊಂಡ ಸುಮಾರು 49 ಲಕ್ಷ ಮಕ್ಕಳಲ್ಲಿ 23 ಲಕ್ಷದಷ್ಟು ನವಜಾತ ಶಿಶುಗಳೇ ಆಗಿದ್ದವು. ಹಣದ ಕೊರತೆಯಿರುವ ದೇಶವೊಂದರ ಜಿಲ್ಲಾಡಳಿತ ಮೊದಲು ಶಿಶುಗಳನ್ನು ಬೆಚ್ಚಗಿಡುವ ಯಂತ್ರಗಳಾದ ಇನ್‌ಕ್ಯುಬೇಟರುಗಳನ್ನು ಕೊಳ್ಳಬೇಕೇ, ಅಥವಾ ಮನೆಗಳಿಗೆ ಭೇಟಿ ನೀಡುವ ಆರೋಗ್ಯ ಕಾರ್ಯಕರ್ತೆಯರನ್ನು ನೇಮಿಸಬೇಕೇ?

ಉತ್ತರ 1

ಎರಡಕ್ಕೂ ಮೊದಲು ಹೆರಿಗೆ ಕೋಣೆಯನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ನವಜಾತ ಶಿಶುಗಳ ಸಾವಿನಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲೇ ಸಂಭವಿಸುತ್ತದೆ. ಅವಧಿಗೆ ಮುನ್ನ ಹುಟ್ಟುವುದು, ಹುಟ್ಟುವಾಗ ಉಸಿರುಕಟ್ಟುವುದು ಮತ್ತು ಸೋಂಕು ಇವೇ ಮುಖ್ಯ ಕಾರಣಗಳು. ತಾನಾಗಿ ಉಸಿರಾಡದ ಮಗುವನ್ನು ಚೆನ್ನಾಗಿ ಒರೆಸಿ ಬೆನ್ನು ಉಜ್ಜಿದರೆ ಹೆಚ್ಚಿನ ಸಂದರ್ಭಗಳಲ್ಲಿ ಅದು ಅಳುತ್ತದೆ. ಆಗಲೂ ಉಸಿರು ಬಾರದಿದ್ದರೆ ಒಂದು ನಿಮಿಷದೊಳಗೆ ಬ್ಯಾಗ್ ಮತ್ತು ಮಾಸ್ಕ್‌ನಿಂದ, ಅಂದರೆ ಮುಖಕ್ಕೆ ಮುಸುಕಿಟ್ಟು ಕೈಯಿಂದ ಒತ್ತುವ ಚೀಲದಿಂದ, ಗಾಳಿ ಕೊಡಬೇಕು. ಈ ಸಲಕರಣೆ ದುಬಾರಿಯದಲ್ಲ. ಆದರೆ ಅದನ್ನು ಬಳಸುವ ಕೈಗೆ ಮತ್ತೆ ಮತ್ತೆ ಅಭ್ಯಾಸ ಬೇಕು, ವರ್ಷಕ್ಕೊಂದು ತರಬೇತಿ ಸಾಲದು.

ಉತ್ತರ 2

ಹೆರಿಗೆ ಕೋಣೆಯ ಮಹತ್ವವನ್ನು ಒಪ್ಪುತ್ತೇನೆ, ಆದರೆ ಆಸ್ಪತ್ರೆಯೇ ದೂರವಿರುವ ಕಡೆ ಅದೊಂದನ್ನೇ ನೆಚ್ಚಿಕೊಳ್ಳಲಾಗದು. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿಯ ‘ಸರ್ಚ್’ ಸಂಸ್ಥೆ ಹಳ್ಳಿಯ ಮಹಿಳೆಯರಿಗೆ ಶಿಶುವಿನ ತೂಕ ನೋಡುವುದನ್ನು, ನಂಜಿನ ಲಕ್ಷಣ ಗುರುತಿಸುವುದನ್ನು ಮತ್ತು ಪ್ರತಿಜೈವಿಕ ಚುಚ್ಚುಮದ್ದು ಕೊಡುವುದನ್ನು ಕಲಿಸಿತು. ಅಲ್ಲಿ ನವಜಾತ ಶಿಶುಗಳ ಮರಣ ಶೇ. 62ರಷ್ಟು ತಗ್ಗಿತೆಂದು 1999ರಲ್ಲಿ ವರದಿಯಾಯಿತು. ನೇಪಾಳದ ಮಕವಾನ್‌ಪುರದಲ್ಲಂತೂ ಚಿಕಿತ್ಸೆಯನ್ನೇ ಕೊಡದೆ, ಊರಿನ ಮಹಿಳೆಯರು ಗುಂಪಾಗಿ ಕುಳಿತು ತಮ್ಮ ಹೆರಿಗೆಯ ಸಮಸ್ಯೆಗಳನ್ನು ಚರ್ಚಿಸಿ ಪರಿಹಾರ ಕಂಡುಕೊಂಡದ್ದರಿಂದಲೇ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು. ಆಡಳಿತಗಳಿಗೆ ಇಂಥ ಕೆಲಸ ಅಷ್ಟಾಗಿ ರುಚಿಸುವುದಿಲ್ಲ, ಏಕೆಂದರೆ ಉದ್ಘಾಟಿಸಲು ಕಟ್ಟಡವಿರುವುದಿಲ್ಲ.

ಪ್ರಶ್ನೆ ಕೇಳಿದವರು

ಹಾಗಾದರೆ ಕಡಿಮೆ ತೂಕದ ಶಿಶುಗಳ ಗತಿಯೇನು? ಅವುಗಳಿಗೆ ಇನ್‌ಕ್ಯುಬೇಟರ್ ಬೇಡವೇ?

ಉತ್ತರ 3

ತೀರ ಅಸ್ವಸ್ಥ ಶಿಶುಗಳಿಗೆ ಯಂತ್ರಗಳ ಆರೈಕೆ ಬೇಕೇ ಬೇಕು. ಆದರೆ ಉಳಿದ ಬಹುತೇಕ ಶಿಶುಗಳಿಗೆ ತಾಯಿಯ ಎದೆಯ ಬಿಸುಪು ಸಾಕಾಗುತ್ತದೆ. ಕೊಲಂಬಿಯಾದ ಬೊಗೋಟಾದಲ್ಲಿ 1978ರಲ್ಲಿ ಇನ್‌ಕ್ಯುಬೇಟರುಗಳ ಕೊರತೆಯಿಂದಲೇ ಕಾಂಗರೂ ತಾಯಿ ಆರೈಕೆ, ಅಂದರೆ ಶಿಶುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಒರಗಿಸಿ ಬೆಚ್ಚಗಿಡುವ ಪದ್ಧತಿ, ಆರಂಭವಾಯಿತು. ಮೊದಲೆಲ್ಲ ಶಿಶುವಿನ ಸ್ಥಿತಿ ಸುಧಾರಿಸುವವರೆಗೆ ಕಾದು, ಅನಂತರ ತಾಯಿಯ ಮೈಗೆ ಒರಗಿಸುತ್ತಿದ್ದರು. ಭಾರತ, ಘಾನಾ, ಮಲಾವಿ, ನೈಜೀರಿಯಾ ಮತ್ತು ತಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1 ಕೆ.ಜಿ.ಯಿಂದ 1.8 ಕೆ.ಜಿ.ಯೊಳಗಿನ ಶಿಶುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದಾಗ ಸಾವು ಶೇ. 25ರಷ್ಟು ಇಳಿದದ್ದು ಕಂಡುಬಂತು. ಇದಕ್ಕೆ ಬೇಕಾದದ್ದು ತಾಯಿಗೂ ನವಜಾತ ಶಿಶು ಘಟಕದೊಳಗೇ ಒಂದು ಹಾಸಿಗೆ, ಮತ್ತು ಬಾಣಂತಿಯನ್ನು ಬೇರೆ ವಾರ್ಡಿಗೆ ಕಳುಹಿಸುವ ಹಳೆಯ ಪದ್ಧತಿಯನ್ನು ಬಿಡುವ ಮನಸ್ಸು.

ಉತ್ತರ 4

ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಹೊಕ್ಕುಳಬಳ್ಳಿಗೆ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ಹಚ್ಚುವುದರಿಂದ ನೇಪಾಳದಲ್ಲಿ ಸಾವು ತಗ್ಗಿತು. ಜಾಂಬಿಯಾದಲ್ಲಿ ಅಂಥ ಪ್ರಯೋಜನ ಕಾಣಲಿಲ್ಲ. ಒಂದು ಕಡೆ ಫಲಿಸಿದ್ದು ಇನ್ನೊಂದು ಕಡೆಯೂ ಫಲಿಸಲೇಬೇಕೆಂದಿಲ್ಲ. ಆದ್ದರಿಂದ ಜಿಲ್ಲೆಯಲ್ಲಿ ಶಿಶುಗಳು ಯಾವ ದಿನ, ಎಲ್ಲಿ, ಯಾವ ಕಾರಣದಿಂದ ಸಾಯುತ್ತಿವೆ ಎಂಬ ಲೆಕ್ಕವನ್ನು ಮೊದಲು ಸರಿಯಾಗಿ ಇಡಬೇಕು. ಹೆರಿಗೆಯ ದಿನದ ಸಾವುಗಳೇ ಹೆಚ್ಚಾಗಿದ್ದರೆ, ರಾತ್ರಿ ಪಾಳಿಯಲ್ಲಿ ತರಬೇತಿ ಪಡೆದ ದಾದಿಯರ ಸಂಖ್ಯೆಯನ್ನು ಹೆಚ್ಚಿಸಲು ಆ ಹಣವನ್ನು ಬಳಸುವುದು ಸೂಕ್ತ.