ಅಪ್‌ಡೇಟ್: ನಂಪೈ ಅರೇ ಕಾಪಿ ಆಗೋದು ನಿಂತಿದೆ, ಆದರೆ...

ಹೋದ ವಾರ ಕೇಳಿದ್ದೆ ಅಲ್ವಾ, ಪೈಥಾನ್‌ನಲ್ಲಿರುವ 4000×3000ರ ನಂಪೈ (ಲೆಕ್ಕದ ಲೈಬ್ರರಿ) ಅರೇಯನ್ನು, ಅಂದ್ರೆ ಸಂಖ್ಯೆಗಳ ಕೋಷ್ಟಕವನ್ನು, ನನ್ನ ಸಿ ಎಕ್ಸ್‌ಟೆನ್ಶನ್‌ಗೆ (ಪೈಥಾನ್ ಕರೆಯುವ ಸಿ ಭಾಷೆಯ ಕೋಡ್) ಕೊಟ್ಟಾಗಲೆಲ್ಲ ಕಾಪಿ ಆಗಿ ಮೆಮೊರಿ ಡಬಲ್ ಆಗ್ತಿದೆ ಅಂತ. ಒಂದೊಂದು ಸಂಖ್ಯೆಗೆ 8 ಬೈಟ್, ಅಂದ್ರೆ ಸುಮ್ನೆ 96 ಎಂಬಿ ದಂಡ.

ಬಫರ್ ಪ್ರೋಟೋಕಾಲ್ (ಕಾಪಿ ಮಾಡದೆ ಮೆಮೊರಿ ಹಂಚಿಕೊಳ್ಳುವ ಪೈಥಾನ್ ವ್ಯವಸ್ಥೆ) ಬಳಸಿ ಅಂದವರಿಗೆಲ್ಲ ಥ್ಯಾಂಕ್ಸ್. ಇದು ಪೈಥಾನ್ 2.6, 3.0ರ ಕಾಲದಿಂದಲೇ ಇದೆಯಂತೆ, ನನಗೆ ಗೊತ್ತಾಗಿದ್ದು ಈಗ! ಡೇಟಾ ಇದ್ದಲ್ಲೇ ಇರುತ್ತದೆ, ಸಿ ಕಡೆಗೆ ವಿಳಾಸ, ಆಕಾರ, ಸ್ಟ್ರೈಡ್ (ಮುಂದಿನ ಸಾಲಿಗೆ ಅಥವಾ ಮುಂದಿನ ಸಂಖ್ಯೆಗೆ ಎಷ್ಟು ಬೈಟ್ ದಾಟಬೇಕು ಅನ್ನೋದು) ಮಾತ್ರ ಸಿಗುತ್ತದೆ.

ಕಾಪಿ ನಿಂತಿತು, ಆದರೆ ಉತ್ತರ ತಪ್ಪು ಬಂತು. ಎರಡು ರಾತ್ರಿ ತಲೆ ಕೆರೆದುಕೊಂಡೆ. ಕೊನೆಗೆ ಪುಣೆಯ ಹಿಂಜೆವಾಡಿ ಟ್ರಾಫಿಕ್‌ನಲ್ಲಿ ಬಸ್ಸು ಮುಕ್ಕಾಲು ಗಂಟೆ ಅಲ್ಲಾಡದೆ ನಿಂತಿದ್ದಾಗ, ಪಕ್ಕದಲ್ಲಿದ್ದ ಹುಬ್ಬಳ್ಳಿಯ ರೂಮ್‌ಮೇಟ್ ಕೇಳಿದ: "ಲೇ, ಅರೇ ಟ್ರಾನ್ಸ್‌ಪೋಸ್ ಮಾಡಿ ಕೊಟ್ಟೀ ಏನು?" ಹೌದು, ಸಾಲು-ಕಂಬ ಅದಲುಬದಲು ಮಾಡಿಯೇ ಕೊಟ್ಟಿದ್ದೆ! ಟ್ರಾನ್ಸ್‌ಪೋಸ್ ಮಾಡಿದರೆ ನಂಪೈ ಡೇಟಾ ಅಲುಗಾಡಿಸಲ್ಲ, ಸ್ಟ್ರೈಡ್ ಅದಲುಬದಲು ಮಾಡುತ್ತದೆ ಅಷ್ಟೇ. 24000, 8 ಇದ್ದದ್ದು 8, 24000 ಆಗುತ್ತದೆ. ನಾನು ಅದನ್ನು ನೋಡದೆ ನೇರ ಸಾಲಾಗಿ ಓದುತ್ತಿದ್ದೆ. ಈಗ ಪೈಬಫ್_ಸಿ_ಕಂಟಿಗ್ಯುಯಸ್ ಅಂತ ಫ್ಲ್ಯಾಗ್ ಹಾಕಿದ್ದೇನೆ, ಡೇಟಾ ಮೆಮೊರಿಯಲ್ಲಿ ಸಾಲುಸಾಲಾಗಿ ಒತ್ತೊತ್ತಾಗಿ ಇಲ್ಲದಿದ್ದರೆ ಎರರ್ ಬರುತ್ತದೆ. ತಪ್ಪು ಉತ್ತರಕ್ಕಿಂತ ಎರರ್ ಎಷ್ಟೋ ವಾಸಿ.

ಇನ್ನೊಂದು, ಕೆಲಸ ಮುಗಿದ ಮೇಲೆ ಪೈಬಫರ್_ರಿಲೀಸ್ (ಬಫರ್ ಬಿಟ್ಟುಕೊಡುವ ಫಂಕ್ಷನ್) ಕರೆಯಲೇಬೇಕು. ನಾನು ಎರರ್ ಬಂದ ದಾರಿಯಲ್ಲಿ ಮರೆತಿದ್ದೆ, ಅರೇ ಡಿಲೀಟ್ ಮಾಡಿದರೂ ಮೆಮೊರಿ ಇಳಿಯುತ್ತಿರಲಿಲ್ಲ.

ಜಿಪಿಯು ಅರೇಗೆ ಡಿಎಲ್‌ಪ್ಯಾಕ್ (ಲೈಬ್ರರಿಗಳ ನಡುವೆ ಅರೇ ಹಂಚಿಕೊಳ್ಳುವ ಇನ್ನೊಂದು ವ್ಯವಸ್ಥೆ) ನೋಡಿ ಅಂದಿದ್ದರು ಒಬ್ಬರು. ನನ್ನ ಲ್ಯಾಪ್‌ಟಾಪ್‌ನಲ್ಲಿ ಜಿಪಿಯುನೇ ಇಲ್ಲ ಸ್ವಾಮಿ.