ಅಣ್ಣನ ಮೇಲಿನ ಮುನಿಸು ಬಿಡುವುದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದವರು: ಮಂಡ್ಯದ ಒಬ್ಬ ಹೆಣ್ಣುಮಗಳು

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಟೈಲರಿಂಗ್ ಮಾಡಿಕೊಂಡಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ "ಖಾತೆ ಬದಲಾಯಿಸಬೇಕು, ಒಂದು ಸೈನ್ ಹಾಕಮ್ಮ" ಅಂದರು. ಓದದೆ ಹಾಕಿದೆ. ಅದು ಹಕ್ಕು ಬಿಡುಗಡೆ ಪತ್ರ. ನಾಲೆ ಪಕ್ಕದ ಒಂದೂವರೆ ಎಕರೆ ಕಬ್ಬಿನ ಗದ್ದೆ ಪೂರ್ತಿ ಅವರದಾಯಿತು. ಗೊತ್ತಾಗಿ ಎರಡೂವರೆ ವರ್ಷ ಆಯಿತು, ಮಾತಿಲ್ಲ. ಆದರೆ ಇಬ್ಬರೂ ಒಂದೇ ಚರ್ಚಿಗೆ ಹೋಗುತ್ತೇವೆ. ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಹೇಳುವಾಗ ಅವರು ಕೈ ಮುಗಿಯುತ್ತಾರೆ, ನಾನು ನೆಲ ನೋಡುತ್ತೇನೆ. ಮುಂದಿನ ತಿಂಗಳು ಅವರ ಮಗಳ ಮದುವೆ. ಅತ್ತಿಗೆ ಪತ್ರಿಕೆಯನ್ನು ಕಿಟಕಿಯಲ್ಲಿ ಸಿಕ್ಕಿಸಿ ಹೋಗಿದ್ದಾರೆ. ಕ್ಷಮಿಸಬೇಕು ಅಂತ ಗೊತ್ತು. ಆಗುತ್ತಿಲ್ಲ. ನೀವು ಹೇಗೆ ಮಾಡಿದಿರಿ?

ಮೈಸೂರಿನಿಂದ, ಗೃಹಿಣಿ

ತಂಗೀ, ನಿನ್ನದು ಗದ್ದೆ, ನನ್ನದು ಬರೀ ಒಂದು ಮಾತು. ಆದರೂ ಆರು ವರ್ಷ ಹೊತ್ತುಕೊಂಡಿದ್ದೆ.

ಅತ್ತೆಗೆ ಲಕ್ವ ಹೊಡೆದು ನಾಲ್ಕು ವರ್ಷ ಮಲಗಿದ್ದರು. ಸ್ನಾನ, ಊಟ, ಮಾತ್ರೆ ಎಲ್ಲ ನನ್ನ ಕೈಯಲ್ಲೇ. ಅವರು ಹೋದ ಏಳನೇ ದಿನ, ಪೂಜೆ ಮುಗಿಸಿ ಎಲ್ಲರೂ ಊಟಕ್ಕೆ ಕೂತಿದ್ದಾಗ ನಾದಿನಿ ಅಂದಳು: "ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟಿದ್ದರೆ ಅಮ್ಮ ಇನ್ನೂ ಇರೋರು." ನನ್ನ ಕೈಯಲ್ಲಿ ಸಾರಿನ ಸೌಟು ಇತ್ತು. ಹಾಗೇ ನಿಂತುಬಿಟ್ಟೆ.

ವಾರಕ್ಕೆ ಏಳು ಖಾನೆ ಇರುವ ಮಾತ್ರೆ ಡಬ್ಬಿ ಬರುತ್ತದಲ್ವಾ? ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದ್ದು ಗುರುವಾರ ಬೆಳಗಿನ ಜಾವ. ಡಬ್ಬಿಯಲ್ಲಿ ಬುಧವಾರದ ತನಕ ಖಾಲಿ, ಗುರುವಾರದಿಂದ ತುಂಬಿದೆ. ಒಂದು ಮಾತ್ರೆಯೂ ತಪ್ಪಿಲ್ಲ ಅನ್ನುವುದಕ್ಕೆ ಸಾಕ್ಷಿ. ಅದನ್ನು ಬೀರುವಿನಲ್ಲಿ ಸೀರೆಗಳ ಅಡಿ ಇಟ್ಟುಕೊಂಡೆ, ಯಾವತ್ತೋ ಒಂದು ದಿನ ಅವಳ ಮುಖದ ಮುಂದೆ ಹಿಡಿಯೋಣ ಅಂತ. ಮುದ್ದೆ ತೊಳಸುವಾಗೆಲ್ಲ ಅವಳಿಗೆ ಕೊಡಬೇಕಾದ ಉತ್ತರ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಹಿಟ್ಟು ಗಂಟು ಕಟ್ಟುತ್ತಿತ್ತು. ಯಜಮಾನರು ಆ ಗಂಟುಗಳನ್ನು ಆರಿಸಿ ತಟ್ಟೆ ಅಂಚಿಗೆ ಇಟ್ಟು ಸುಮ್ನೆ ತಿನ್ನುತ್ತಿದ್ದರು.

ಒಂದು ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಪಾಪನಿವೇದನೆಗೆ, ಅಂದರೆ ಫಾದರ್ ಹತ್ತಿರ ತಪ್ಪು ಹೇಳಿಕೊಳ್ಳಲು ಹೋಗಿ ಹತ್ತು ನಿಮಿಷ ಇದನ್ನೇ ಹೇಳಿದೆ. ಫಾದರ್ ಪೂರ್ತಿ ಕೇಳಿ, "ಇದು ಅವರ ಪಾಪ ಆಯಿತಮ್ಮ, ನಿಮ್ಮದು?" ಅಂದರು. ಸಿಟ್ಟು ಬಂತು, ನಿಜ ಹೇಳುತ್ತೇನೆ. ಅವರು ಕೊಟ್ಟ ಪ್ರಾಯಶ್ಚಿತ್ತ ಇಷ್ಟೇ: ಮೂವತ್ತು ದಿನ, ದಿನಕ್ಕೊಂದು ಸಲ ಅವಳ ಹೆಸರು ಹೇಳಿ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ ಹೇಳುವುದು. ಪ್ರೀತಿ ಬರಲಿ ಅಂತ ಕಾಯಬೇಡಿ, ಹೇಳಿ ಅಷ್ಟೇ ಅಂದರು. ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ನಮ್ಮನ್ನೂ ಕ್ಷಮಿಸು ಅನ್ನುವ ಸಾಲು ಬಂದಾಗ ನಾಲಿಗೆ ತಡೆಯುತ್ತಿತ್ತು. ಕೆಲವು ದಿನ ಆ ಸಾಲು ಹಾರಿಸಿದ್ದೂ ಉಂಟು.

ಅರ್ಧ ತಿಂಗಳು ಕಳೆದ ಮೇಲೆ, ಯಾವ ಕಾರಣಕ್ಕೋ, ಅವಳು ಬೆಂಗಳೂರಿನಿಂದ ರೈಲಿನಲ್ಲಿ ಬಂದು ಅಮ್ಮನ ಉಗುರು ಕತ್ತರಿಸಿ ಹೋಗುತ್ತಿದ್ದದ್ದು ನೆನಪಾಯಿತು. ತಿಂಗಳಿಗೆ ಎರಡು ಸಲ. ಗೇಟಿನ ಹತ್ತಿರ ಕಣ್ಣು ಒರೆಸಿಕೊಂಡು ಆಟೊ ಹತ್ತುತ್ತಿದ್ದಳು. ಜೊತೆಗೆ ಇರಲಾಗಲಿಲ್ಲ ಅನ್ನುವ ಸಂಕಟವನ್ನೇ ಅವತ್ತು ನನ್ನ ಮೇಲೆ ಎಸೆದಳೇನೋ. ಹಾಗಂತ ಅವಳು ಅಂದದ್ದು ಸರಿ ಅಂತ ನಾನು ಒಪ್ಪುವುದಿಲ್ಲ.

ಅವಳು ಇವತ್ತಿಗೂ ಸಾರಿ ಕೇಳಿಲ್ಲ. ಕ್ರಿಸ್ಮಸ್‌ಗೆ ಕಲ್‌ಕಲ್ ಸಿಹಿತಿಂಡಿ ಮಾಡಿ ಕಳಿಸುತ್ತೇನೆ. ಮಾತ್ರೆ ಡಬ್ಬಿಯಲ್ಲಿ ಈಗ ಸೇಫ್ಟಿ ಪಿನ್ನು, ಗುಂಡಿ ಇವೆ. ಗುರುವಾರದ ಖಾನೆಗೆ ಮಾತ್ರ ಏನೂ ಹಾಕಿಲ್ಲ.

ಮಂಡ್ಯದಿಂದ, ದಿನಸಿ ಅಂಗಡಿಯವರು

ಅಮ್ಮಾ, ನಾನು ಲೆಕ್ಕದ ಮನುಷ್ಯ, ಲೆಕ್ಕದಲ್ಲೇ ಹೇಳುತ್ತೇನೆ. ಏಳು ಸಲ ಕ್ಷಮಿಸಿದರೆ ಸಾಕಾ ಅಂತ ಶಿಷ್ಯ ಪೇತ್ರ ಕೇಳಿದಾಗ ಯೇಸು ಒಂದು ಕಥೆ ಹೇಳುತ್ತಾರೆ, ಬೈಬಲಿನ ಮತ್ತಾಯ 18ರಲ್ಲಿದೆ. ರಾಜ ಒಬ್ಬ ಆಳಿನ ಹತ್ತು ಸಾವಿರ ತಲಾಂತು ಸಾಲ ಮನ್ನಾ ಮಾಡುತ್ತಾನೆ. ಅದೇ ಆಳು ಹೊರಗೆ ಬಂದು ನೂರು ದಿನಾರಿಗೆ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ. ಒಂದು ದಿನಾರಿ ಅಂದರೆ ಆ ಕಾಲದ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಅಂದರೆ ರಾಜ ಬಿಟ್ಟದ್ದು 6 ಕೋಟಿ ದಿನದ ಕೂಲಿ. ರಜೆ ಇಲ್ಲದೆ ದುಡಿದರೂ ಒಂದೂವರೆ ಲಕ್ಷ ವರ್ಷ ಮೀರುತ್ತದೆ!

ಚರ್ಚಿನ ಪ್ರಸಂಗದಲ್ಲಿ ಎಲ್ಲರೂ ಈ ದೊಡ್ಡ ಲೆಕ್ಕ ಹೇಳುತ್ತಾರೆ. ನನಗೆ ತಟ್ಟಿದ್ದು ಚಿಕ್ಕದು. ನೂರು ದಿನದ ಕೂಲಿ ಚಿಲ್ಲರೆ ಕಾಸೇನಲ್ಲ. ದಿನಕ್ಕೆ 500 ಅಂದರೂ 50,000 ರೂಪಾಯಿ. ನಿನಗೆ ಆದದ್ದು ಏನೂ ಅಲ್ಲ, ಬಿಟ್ಟುಬಿಡು ಅಂತ ಯೇಸು ಹೇಳಲಿಲ್ಲ. ಹಾಗೆ ಹೇಳುವವರು ನೆಂಟರು.

ಚೀಟಿ ನಡೆಸುತ್ತಿದ್ದ ಗೆಳೆಯ ನನಗೆ 60,000 ಮುಳುಗಿಸಿದ. ಸಾಲದ ಪುಸ್ತಕದಲ್ಲಿ ಅವನ ಹೆಸರು, ಮೊತ್ತ, ತಾರೀಖು ಬರೆದೆ. ಒಂದು ವರ್ಷ ನೋಡಿದೆ. ಆಮೇಲೆ ಒಂದು ಗುಡ್ ಫ್ರೈಡೆ ದಿನ ಅದರ ಮೇಲೆ ಗೆರೆ ಎಳೆದೆ. ಈಗ ಅಂಗಡಿಗೆ ಬಂದರೆ ಟೀ ತರಿಸುತ್ತೇನೆ. ಚೀಟಿಗೆ ಮಾತ್ರ ಸೇರಿಲ್ಲ.

ಕೆ.ಆರ್. ನಗರದಿಂದ

ದೋರನಹಳ್ಳಿಯ ಸಂತ ಅಂತೋಣಿಯವರ ಚರ್ಚಿಗೆ ಹೋಗಿ ಬನ್ನಿ ಅಕ್ಕ. ಜೂನ್ 13ರ ಹಬ್ಬದ ನೂಕುನುಗ್ಗಲಲ್ಲಿ ಬೇಡ, ಯಾವುದಾದರೂ ಸಾದಾ ದಿನ. ಅಂತೋಣಿಯವರು ಕಳೆದ ವಸ್ತು ಹುಡುಕಿಕೊಡುವ ಸಂತರಲ್ವಾ, ನಾನು ಕಳೆದುಕೊಂಡಿದ್ದದ್ದು ನಿದ್ದೆ. ಅದನ್ನೇ ಕೇಳಿದೆ. ಸಿಟ್ಟು ಹೋಗಲಿಲ್ಲ, ನಿದ್ದೆ ಬಂತು. ನಿದ್ದೆ ಬಂದ ಮೇಲೆ ಸಿಟ್ಟು ಸ್ವಲ್ಪ ಸಣ್ಣದಾಯಿತು.

ಮೈಸೂರಿನಿಂದ, ವಕೀಲೆ

ಮೇಡಂ, ಪ್ರಾರ್ಥನೆ ಮಾಡಿ, ಜೊತೆಗೆ ಕ್ಯಾಲೆಂಡರ್ ಕೂಡ ನೋಡಿ. ಅಪ್ಪ ವಿಲ್ ಬರೆಯದೆ ಹೋಗಿದ್ದರೆ ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಲ್ಲಿ ಮಗಳಿಗೂ ಮಗನಷ್ಟೇ ಪಾಲು. ಮೋಸದಿಂದ ಬರೆಸಿಕೊಂಡ ಪತ್ರ ರದ್ದು ಮಾಡಿ ಅಂತ ದಾವೆ ಹಾಕಲು ಮೋಸ ಗೊತ್ತಾದ ದಿನದಿಂದ 3 ವರ್ಷ ಅವಕಾಶ. ನಿಮಗೆ ಉಳಿದದ್ದು ಆರು ತಿಂಗಳು.

ಕ್ಷಮಿಸಿದವರು ಕೋರ್ಟಿಗೆ ಹೋಗಬಾರದು ಅಂತ ಯಾರಾದರೂ ಹೇಳಿದರೆ ಗ್ಲಾಡಿಸ್ ಸ್ಟೇನ್ಸ್ ಅವರನ್ನು ನೆನೆಸಿಕೊಳ್ಳಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಸುಟ್ಟು ಕೊಂದರು. ಆಕೆ ಕೊಂದವರನ್ನು ಕ್ಷಮಿಸಿದ್ದೇನೆ ಅಂದರು, ಒಡಿಶಾದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಕೇಸು ತನ್ನ ಪಾಡಿಗೆ ನಡೆಯಿತು, ಮುಖ್ಯ ಅಪರಾಧಿಗೆ ಜೀವಾವಧಿ ಶಿಕ್ಷೆ ಆಯಿತು.

ಮಂಡ್ಯದಿಂದ, ನಿವೃತ್ತ ಮೇಷ್ಟ್ರು

ವಕೀಲಮ್ಮ ಹೇಳಿದ್ದು ಸರಿ. ಆದರೂ ಮಗಳೇ, ಒಬ್ಬರನ್ನೊಬ್ಬರು ಕೋರ್ಟಿಗೆ ಎಳೆಯುವ ಬದಲು ಅನ್ಯಾಯವನ್ನೇ ಯಾಕೆ ಸಹಿಸಬಾರದು ಅಂತ ಬೈಬಲಿನಲ್ಲಿ ಸಂತ ಪೌಲ ಕೊರಿಂಥ ಊರಿನ ಕ್ರೈಸ್ತರನ್ನು ಕೇಳಿದ್ದೂ ಇದೆ. ನಾನು ತಮ್ಮನ ಮೇಲೆ ಹನ್ನೊಂದು ವರ್ಷ ಕೇಸು ನಡೆಸಿ ಹದಿನೆಂಟು ಗುಂಟೆ ಗೆದ್ದೆ. ತೀರ್ಪಿನ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಬಂದೆವು. ಅವನು ಮುಂದಿನ ಸೀಟಲ್ಲಿ, ನಾನು ಹಿಂದೆ. ಅವನು ಹೋಗಿ ಎರಡು ವರ್ಷ ಆಯಿತು.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರ ಮಾತು ಓದಿ ಅತ್ತೆ. ಮಂಗಳವಾರ ವಕೀಲರನ್ನೂ ನೋಡುತ್ತೇನೆ. ದಾವೆಗೆ ಮುಂಚೆ ಅಣ್ಣನ ಮುಂದೆ ಕೂತು, "ಹೀಗೆ ಮಾಡಿದೆಯಲ್ಲಣ್ಣ" ಅಂತ ಒಂದು ಸಲ ಬಾಯಿಬಿಟ್ಟು ಹೇಳಬೇಕು. ಎರಡೂವರೆ ವರ್ಷದಲ್ಲಿ ಅದನ್ನು ಹೇಳಿಯೇ ಇಲ್ಲ ಅಂತ ಇವತ್ತು ಹೊಳೆಯಿತು. ಭಾನುವಾರ ಅವರ ಮುಖ ನೋಡಲು ಆಗಲಿಲ್ಲ, ಕೈ ಮಾತ್ರ ನೋಡಿದೆ. ಅಪ್ಪನ ಕೈ ಹಾಗೇ ಇದೆ.

ಮದುಮಗಳು ಚಿಕ್ಕವಳಿದ್ದಾಗ ಚರ್ಚಿನಲ್ಲಿ ಮೊದಲ ಪರಮಪ್ರಸಾದ ತೆಗೆದುಕೊಂಡ ದಿನದ ಬಿಳಿ ಫ್ರಾಕು ಹೊಲಿದವಳು ನಾನೇ. "ಬ್ಲೌಸಿಗೆ ಅಳತೆ ಕೊಡಲು ಬಾ" ಅಂತ ನಿನ್ನೆ ರಾತ್ರಿ ಅವಳಿಗೆ ಮೆಸೇಜ್ ಹಾಕಿದ್ದೇನೆ. ನೋಡಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.